ಕಾಡುಪಿಶಾಚಿಗಳೂ ಕೆಂಬೂತಗಳೂ

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನಿಂದ ಪತ್ರ ಬಂದಿತು. ನಮ್ಮ ಶಾಲೆಯ ಸ್ಕೌಟ್ ದಳದಲ್ಲಿ ಹಗ್ಗಕ್ಕೆ ಗಂಟು ಹಾಕಲು ಕಲಿತ ಹುಡುಗ ಈಗ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಸಂಸಾರ ಹೂಡಿದ್ದಾನೆ. ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ ಹೀಗೆ ಬರೆದಿದ್ದ: "ಮಾಷ್ಟ್ರೇ, ನಮ್ಮ ನೆರೆಮನೆಯವರು ಯುಕ್ರೇನ್ ಮೂಲದವರು, ಮುತ್ತಜ್ಜನ ಕಾಲದಲ್ಲಿ ಊರು ಬಿಟ್ಟವರು. ಆ ಮನೆಯ ಹತ್ತು ವರ್ಷದ ಹುಡುಗಿ ಬೇಸಗೆಯ ಶಿಬಿರಕ್ಕೆ ಹೋಗಿ ಬಂದು, ತಾನು ಕಣ್ಣಾರೆ ಕಾಣದ ದೇಶದ ಹಾಡನ್ನು ಹೇಳುತ್ತ ಅಂಗಳದಲ್ಲಿ ಕುಣಿಯುತ್ತಾಳೆ. ನನ್ನ ಮಗಳಿಗೆ ಅಜ್ಜಿಯೊಡನೆ ಫೋನಿನಲ್ಲಿ ಕನ್ನಡದ ನಾಲ್ಕು ಮಾತಾಡು ಎಂದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಅವರು ಮಾಡುವುದೇನು, ನಾವು ಮಾಡದೆ ಬಿಟ್ಟದ್ದೇನು?"

ಇಪ್ಪತ್ತಕ್ಕೂ ಹೆಚ್ಚು ವರ್ಷ ಶಾಲೆಯ ಸ್ಕೌಟ್ ದಳವನ್ನು ನಡೆಸಿದವನಿಗೆ ಈ ಪ್ರಶ್ನೆ ಸುಮ್ಮನೆ ಬಿಡುವಂಥದಲ್ಲ. ಆ ಹುಡುಗಿ ಹೋಗುವ ಸಂಸ್ಥೆಯ ಹೆಸರು 'ಪ್ಲಾಸ್ತ್' ಎಂದು ಅವನೇ ತಿಳಿಸಿದ್ದ. ಸಿಕ್ಕಿದ್ದನ್ನೆಲ್ಲ ಓದಿದೆ.

ಬೇಡನ್ ಪೊವೆಲ್ಲನು ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಶಿಬಿರವನ್ನು ನಡೆಸಿದ್ದು 1907ರಲ್ಲಿ. ಎರಡೇ ವರ್ಷಗಳಲ್ಲಿ ಆ ಗಾಳಿ ನಮ್ಮ ಬೆಂಗಳೂರಿಗೂ ಬೀಸಿತು. 1911ರಲ್ಲಿ ಅದು ಲ್ವಿವ್ ಎಂಬ ಪಟ್ಟಣವನ್ನು ಮುಟ್ಟಿತು. ಆಗ ಆ ಪಟ್ಟಣ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿತ್ತು; ಬಳಿಕ ಪೋಲೆಂಡಿನದಾಯಿತು, ಸೋವಿಯತ್ತಿನದಾಯಿತು, ನಡುವೆ ಜರ್ಮನರ ಕೈಗೂ ಬಿದ್ದಿತು. 1991ರಿಂದ ಸ್ವತಂತ್ರ ಯುಕ್ರೇನಿನಲ್ಲಿದೆ. ಮನೆಯ ಹೊಸ್ತಿಲು ದಾಟದೆಯೇ ನಾಲ್ಕು ಪ್ರಭುತ್ವಗಳನ್ನು ಕಂಡ ಅಜ್ಜಿಯಂದಿರು ಅಲ್ಲಿ ಎಷ್ಟು ಮಂದಿಯೋ! 1956ರ ನವೆಂಬರ ಒಂದರಂದು ಮಲಗಿದ್ದಲ್ಲಿಯೇ ಬೇರೊಂದು ರಾಜ್ಯದವರಾದ ಕಾಸರಗೋಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಪಟ್ಟಣದ ಅಕಾಡೆಮಿಕ್ ಜಿಮ್ನೇಷಿಯಮ್ ಎಂಬ ಶಾಲೆಯಲ್ಲಿ ಯುಕ್ರೇನಿಯನ್ ಮಾಧ್ಯಮದಲ್ಲಿ ಪಾಠ ನಡೆಯುತ್ತಿತ್ತು. ಅಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಒಲೆಕ್ಸಾಂದರ್ ತಿಸೋವ್‌ಸ್ಕಿ, ಇಪ್ಪತ್ತೈದರ ತರುಣ, ವಿದ್ಯಾರ್ಥಿಗಳನ್ನು ಕೂಡಿಹಾಕಿದ. ಕವಿ ಇವಾನ್ ಫ್ರಾಂಕೋನ ಮಗ ಪೆತ್ರೊ ಫ್ರಾಂಕೊ, ಇವಾನ್ ಚ್ಮೋಲ ಎಂಬಿಬ್ಬರು ಇನ್ನೂ ಕೆಲವು ಗುಂಪುಗಳನ್ನು ಕಟ್ಟಿದರು. 1912ರ ಏಪ್ರಿಲ್ 12ರಂದು ಮೊದಲ ಪ್ರತಿಜ್ಞೆ ನಡೆಯಿತು. ಜೊಂಡುಹುಲ್ಲಿನ ನಡುವೆ ತೆವಳಿ ಶತ್ರುವಿನ ಸುಳಿವನ್ನು ಹಿಡಿಯುತ್ತಿದ್ದ ಕೊಸಾಕ್ ಬೇಹುಗಾರರಿಗೆ 'ಪ್ಲಾಸ್ತುನ್' ಎಂದು ಹೆಸರು. 'ಪ್ಲಾಸ್ತ್' ಅದರಿಂದ ಬಂತು. ಇಂಗ್ಲಿಷಿನ 'ಸ್ಕೌಟ್' ಪದವನ್ನು ಹಾಗೆಯೇ ಎತ್ತಿಕೊಳ್ಳದೆ ತಮ್ಮ ಉಗ್ರಾಣದಲ್ಲಿಯೇ ಹುಡುಕಿ ತೆಗೆದರೆಂಬುದು ನನಗೆ ಬಹಳ ಹಿಡಿಸಿತು. ನಾವಾದರೋ ಇಂದಿಗೂ 'ಸ್ಕೌಟ್' ಎಂದೇ ಅನ್ನುತ್ತೇವೆ.

ಅವರ ಲಾಂಛನದಲ್ಲಿ ಸ್ಕೌಟುಗಳ ಮೂರೆಸಳಿನ ಲಿಲ್ಲಿಹೂವಿನೊಡನೆ ಯುಕ್ರೇನಿನ ತ್ರಿಶೂಲ ಹೆಣೆದುಕೊಂಡಿದೆ. ಎದುರಾದಾಗ 'ಸ್ಕೋಬ್!' ಎಂದು ವಂದಿಸುತ್ತಾರೆ. ಬಲವಾಗಿ, ಚೆಲುವಾಗಿ, ಎಚ್ಚರದಿಂದ, ಚುರುಕಾಗಿ ಎಂಬ ನಾಲ್ಕು ಮಾತುಗಳ ಮೊದಲಕ್ಷರಗಳು ಕೂಡಿ ಆದ ಪದವದು. ನಮ್ಮ ಸ್ಕೌಟ್ ನಿಯಮಗಳು ಒಂಬತ್ತು, ಅವರವು ಹದಿನಾಲ್ಕು. ಹದಿಮೂರನೆಯದು, ಸೌಂದರ್ಯವನ್ನು ಪ್ರೀತಿಸಿ ಕಾಪಾಡಬೇಕೆಂಬುದು. ಹದಿನಾಲ್ಕನೆಯದು, ಸದಾ ಪ್ರಸನ್ನಚಿತ್ತನಾಗಿರಬೇಕೆಂಬುದು. ನನ್ನ ಸೇವಾವಧಿಯಲ್ಲಿ ಕಚೇರಿಯಿಂದ ಬಂದ ಯಾವ ಸುತ್ತೋಲೆಯಲ್ಲಿಯೂ ಸೌಂದರ್ಯದ ಮಾತನ್ನು ನಾನು ಕಂಡಿಲ್ಲ.

ಇನ್ನು ವ್ಯವಸ್ಥೆ. ಆರೇಳು ವರ್ಷದಿಂದ ಹನ್ನೊಂದರವರೆಗಿನ ಎಳೆಯರದು ಒಂದು ಮೆಟ್ಟಿಲು, ಅಲ್ಲಿಂದ ಹದಿನೇಳು ಹದಿನೆಂಟರವರೆಗೆ ಇನ್ನೊಂದು, ಆಮೇಲೆ ತರುಣರದು, ಕೊನೆಗೆ ಹಿರಿಯರದು. ಎಳೆಯರು ತಮ್ಮನ್ನು ನಡೆಸುವವರನ್ನು ಗುರು ಎಂದಾಗಲಿ ಸಾರ್ ಎಂದಾಗಲಿ ಕರೆಯುವುದಿಲ್ಲ; 'ಬ್ರಾಚಿಕ್', 'ಸೆಸ್ಟ್ರಿಚ್ಕಾ' ಎನ್ನುತ್ತಾರೆ. ನಮ್ಮ ಬಾಯಲ್ಲಿ ಪುಟ್ಟಣ್ಣ, ಪುಟ್ಟಕ್ಕ ಎಂದಾದೀತು. ಆ ಅಣ್ಣ ಅಕ್ಕಂದಿರೂ ನಿನ್ನೆ ಮೊನ್ನೆ ಅದೇ ಎಳೆಯರ ಸಾಲಿನಲ್ಲಿ ಕುಳಿತಿದ್ದವರೇ. ಬೆಳೆದ ಹುಡುಗರ ಗುಂಪಿಗೆ ನಾಯಕ ಅವರಲ್ಲಿಯೇ ಒಬ್ಬ. ಈ ಇಡೀ ಪದ್ಧತಿಗೆ ಅವರಿಟ್ಟ ಹೆಸರು ಆತ್ಮಶಿಕ್ಷಣ. ಶಿಕ್ಷಕ ತರಬೇತಿಯ ಕಾಲದಲ್ಲಿ ಈ ಮಾತನ್ನು ನಾನೂ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ; ತರಗತಿಗೆ ಬಂದ ಮೇಲೆ ಮರೆತೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸೆಳೆದದ್ದು 'ಕುರೀನ್' ಎಂಬ ಅವರ ಬಳಗಗಳು. ಹದಿನೆಂಟು ದಾಟಿದವನನ್ನು ಯಾರೂ ಇಂಥ ಬಳಗಕ್ಕೆ ಸೇರು ಎಂದು ಪಟ್ಟಿ ಮಾಡಿ ತಳ್ಳುವುದಿಲ್ಲ. ತಾನಾಗಿ ಹೋಗಿ ಕೇಳಬೇಕು, ಕೆಲಕಾಲ ಉಮೇದುವಾರನಾಗಿ ದುಡಿಯಬೇಕು, ಬಳಗದವರು ಒಪ್ಪಬೇಕು. ಒಪ್ಪಿದರೆಂದರೆ ತಲೆ ನರೆತರೂ ಆ ನಂಟು ಬಿಡುವುದಿಲ್ಲ. ಪ್ರತಿಯೊಂದು ಬಳಗಕ್ಕೂ ತನ್ನದೇ ಬಣ್ಣದ ಕೊರಳವಸ್ತ್ರ, ತನ್ನದೇ ಹಾಡು, ತನ್ನದೇ ಚೇಷ್ಟೆ. 1922ರಲ್ಲಿ ಲ್ವಿವ್‌ನಲ್ಲಿ ಹುಟ್ಟಿದ ಒಂದು ಬಳಗದ ಹೆಸರು 'ಲಿಸೊವಿ ಚೊರ್ತಿ', ಎಂದರೆ ಕಾಡುಪಿಶಾಚಿಗಳು. 1927ರಲ್ಲಿ ಮತ್ತೊಂದು ಬಳಗ 'ಕಪ್ಪುಸಮುದ್ರದವರು' ಎಂದು ಹೆಸರಿಟ್ಟುಕೊಂಡು ಜಲವಿಹಾರಕ್ಕೆ ಹೊರಟಿತು. ಲ್ವಿವ್‌ನಿಂದ ಕಪ್ಪುಸಮುದ್ರ ನೂರಾರು ಮೈಲಿ ದೂರ! ಯುವತಿಯರ ಒಂದು ಬಳಗ 'ಕಟ್ಟೆಯೊಡೆಯುವವರು' ಎಂದು ಕರೆದುಕೊಂಡಿತು. ಲೇಸ್ಯಾ ಯುಕ್ರಾಯಿಂಕಾ ಎಂಬ ಕವಯಿತ್ರಿ 1911ರಲ್ಲಿ ಬರೆದ 'ಕಾಡಿನ ಹಾಡು' ನಾಟಕದಲ್ಲಿ ಕಟ್ಟೆಯೊಡೆಯುವ ನೀರಿನ ಭೂತವೊಂದು ಬರುತ್ತದೆ, ಹೆಸರು ಅಲ್ಲಿಯದು. ಇದನ್ನು ಓದಿ ನಗು ಬಂತು. ನಮ್ಮ ತುಳುನಾಡಿನಲ್ಲಿ ಭೂತಕ್ಕೆ ಮಡಿಯುಂಟು, ಕಟ್ಟುಕಟ್ಟಳೆಯುಂಟು. ಹುಡುಗರ ಆಟಕ್ಕೆ ಆ ಹೆಸರಿಟ್ಟರೆ ಮನೆಯ ಹಿರಿಯರು ಮರುದಿನವೇ ಶಾಲೆಗೆ ಬಂದಾರು.

ಪ್ಲಾಸ್ತಿನವರ ನಗು ಸುಖದ ನಗುವಲ್ಲ. ಮಹಾಗುರು ಆಂದ್ರೇಯ್ ಶೆಪ್ತಿತ್ಸ್ಕಿ ಕಾರ್ಪಾಥಿಯನ್ ಬೆಟ್ಟಗಳಲ್ಲಿ ಸೊಕಿಲ್ ಎಂಬಲ್ಲಿ ಶಿಬಿರಕ್ಕೆ ಜಾಗ ಕೊಟ್ಟಿದ್ದರು. 1930ರಲ್ಲಿ ಪೋಲೆಂಡ್ ಸರಕಾರ ಗಲಿಷಿಯಾ ಪ್ರಾಂತದಲ್ಲಿ ಪ್ಲಾಸ್ತನ್ನು ನಿಷೇಧಿಸಿತು. ಮುಚ್ಚಿದ ಬಾಗಿಲಿನ ಹಿಂದೆ ಎಲ್ಲವೂ ಒಳ್ಳೆಯದೇ ಬೆಳೆಯಲಿಲ್ಲ ಎಂಬುದನ್ನೂ ಬರೆಯಬೇಕು. ಹುಡುಗರಾಗಿದ್ದಾಗ ಪ್ಲಾಸ್ತಿನ ಕೊರಳವಸ್ತ್ರ ಕಟ್ಟಿದ್ದ ಸ್ತೆಪಾನ್ ಬಂಡೇರ, ರೊಮಾನ್ ಶುಖೆವಿಚ್ ಮುಂದೆ ಉಗ್ರ ರಾಷ್ಟ್ರವಾದದ ಗುಪ್ತಸಂಘಟನೆಯ ಮುಂದಾಳುಗಳಾದರು. ಶುಖೆವಿಚ್ ನಾಯಕನಾದ ಸೈನ್ಯವು 1943ರಲ್ಲಿ ವೊಲಿನಿಯಾದಲ್ಲಿ ಹತ್ತಾರು ಸಾವಿರ ಪೋಲಿಷ್ ಗ್ರಾಮಸ್ಥರನ್ನು ಕೊಂದಿತು. ನುಡಿಯ ಮೇಲಿನ ಪ್ರೀತಿ ನೆರೆಯವನ ಮೇಲಿನ ದ್ವೇಷವಾಗಲು ಬಹಳ ದೂರ ನಡೆಯಬೇಕಾಗಿಲ್ಲ. ಗಡಿಯಲ್ಲಿ ಬಾಳುವವರು ಇದನ್ನು ಮರೆಯಬಾರದು.

ಯುದ್ಧ ಮುಗಿದಾಗ ಲಕ್ಷಾಂತರ ಜನ ಜರ್ಮನಿ, ಆಸ್ಟ್ರಿಯಾಗಳ ನಿರಾಶ್ರಿತರ ಶಿಬಿರಗಳಲ್ಲಿದ್ದರು. ಅಲ್ಲಿ ಪ್ಲಾಸ್ತ್ ಮತ್ತೆ ಚಿಗುರಿತು. ಅಲ್ಲಿಂದ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಅರ್ಜೆಂಟೀನಗಳಿಗೆ ಚದುರಿದವರು ಹೋದಲ್ಲೆಲ್ಲ ಕಾಡಿನ ತುಂಡೊಂದನ್ನು ಕೊಂಡು ಗುಡಾರ ಹೂಡಿದರು. ನನ್ನ ಶಿಷ್ಯನ ನೆರೆಮನೆಯ ಹುಡುಗಿ ಹೋದದ್ದು ಒಂಟಾರಿಯೊದ ಗ್ರಾಫ್ಟನ್ನಿನಲ್ಲಿರುವ ಅಂಥದೊಂದು ತಾಣಕ್ಕೆ. ತಾಯ್ನಾಡಿನಲ್ಲಿ ಸಂಘ ಮರಳಿ ತಲೆಯೆತ್ತಿದ್ದು 1989ರ ಬಳಿಕ. 2019ರಲ್ಲಿ ಅಲ್ಲಿಯ ಸಂಸತ್ತು ಪ್ಲಾಸ್ತಿಗೆ ಕಾನೂನಿನ ಮನ್ನಣೆ ನೀಡಿತು. ಅಷ್ಟರಲ್ಲಿ ಪೂರ್ವದಲ್ಲಿ ಯುದ್ಧ ಹೊತ್ತಿಕೊಂಡಿತ್ತು. ಪ್ಲಾಸ್ತಿನಲ್ಲಿ ಬೆಳೆದ ಛಾಯಾಗ್ರಾಹಕ ವಿಕ್ತೋರ್ ಹುರ್ನ್ಯಾಕ್ 2014ರ ಅಕ್ಟೋಬರಿನಲ್ಲಿ ಅಲ್ಲಿ ಮಡಿದ. 2022ರ ಆಕ್ರಮಣದ ಮೇಲೆ ಹಾಗೆ ಮಡಿದವರ ಸಾಲು ಬೆಳೆಯಿತು.

ಇಷ್ಟನ್ನು ಓದುತ್ತಿದ್ದಾಗ ನನಗೆ ನೆನಪಾದದ್ದು ಹಲವು ವರ್ಷಗಳ ಹಿಂದೆ ಪೊಸಡಿಗುಂಪೆಯ ತಪ್ಪಲಿನಲ್ಲಿ ನಾನು ನಡೆಸಿದ ಶಿಬಿರ. ಕನ್ನಡ ಮಾಧ್ಯಮದ ಮಕ್ಕಳು. ಆದರೆ ಮನೆಮಾತು ಒಬ್ಬನಿಗೆ ತುಳು, ಒಬ್ಬನಿಗೆ ಮಲೆಯಾಳ, ಇನ್ನೊಬ್ಬನಿಗೆ ಬ್ಯಾರಿ. ಶಿಬಿರದಲ್ಲಿ ಕನ್ನಡವಲ್ಲದೆ ಬೇರೆ ಮಾತು ಕೂಡದು, ಆಡಿದವನು ಕೆಳಗಿನ ತೋಡಿನಿಂದ ಒಂದು ಕೊಡ ನೀರು ಹೊರಬೇಕು ಎಂದು ಕಟ್ಟಪ್ಪಣೆ ಮಾಡಿದೆ. ಮೊದಲ ದಿನ ಅಡಿಗೆಗೆ ನೀರಿನ ಕೊರತೆಯಾಗಲಿಲ್ಲ. ರಾತ್ರಿ ಶಿಬಿರಾಗ್ನಿ ಹೊತ್ತಿಸಿ ಕುಳಿತೆವು. ತರಗತಿಯಲ್ಲಿ ಎಲ್ಲರನ್ನೂ ನಗಿಸುತ್ತಿದ್ದ ಏಳನೆಯ ತರಗತಿಯ ಹುಡುಗನೊಬ್ಬನನ್ನು ಎಬ್ಬಿಸಿ, "ಏನಾದರೂ ಹೇಳು ಮಗಾ" ಎಂದೆ. ಅವನು ಎದ್ದು ನಿಂತ, ಬಾಯಿ ತೆರೆದ, ಮುಚ್ಚಿದ, ನೀರಿನ ಕೊಡದತ್ತ ನೋಡಿದ, ಕುಳಿತ. ಅವನ ನಗೆಯೆಲ್ಲ ತುಳುವಿನಲ್ಲಿತ್ತು. ಆ ರಾತ್ರಿ ಬೆಂಕಿಯ ಸುತ್ತ ಕನ್ನಡವೂ ಇರಲಿಲ್ಲ, ತುಳುವೂ ಇರಲಿಲ್ಲ. ಕಟ್ಟಿಗೆ ಸಿಡಿಯುವ ಸದ್ದೊಂದೇ ಕೇಳುತ್ತಿತ್ತು. ನಾನದನ್ನು ಶಿಸ್ತು ಎಂದು ತಿಳಿದು ನೆಮ್ಮದಿಯಿಂದ ನಿದ್ರಿಸಿದೆ.

ಗ್ರಾಫ್ಟನ್ನಿನಲ್ಲಿ ಶಿಬಿರದ ನುಡಿ ಯುಕ್ರೇನಿಯನ್ನೇ. ಆದರೂ ಹಿರಿಯರು ಬೆನ್ನು ತಿರುಗಿಸಿದೊಡನೆ ಮಕ್ಕಳು ಇಂಗ್ಲಿಷಿಗೆ ಜಾರುತ್ತಾರಂತೆ. ಶಿಷ್ಯನಿಗೆ ಇದನ್ನು ಹೇಳಿ ನಕ್ಕದ್ದು ಆ ಹುಡುಗಿಯ ತಾಯಿ. ತಾನೂ ಹಾಗೆಯೇ ಜಾರುತ್ತಿದ್ದೆನೆಂದಳಂತೆ. ಆದರೆ ಹದಿನೆಂಟು ತುಂಬಿ ಎಳೆಯರ ಪುಟ್ಟಕ್ಕನಾದಾಗ ಅವರಿಗೆ ಹಾಡು ಕಲಿಸಬೇಕಾಯಿತು, ಬೆಂಕಿಯ ಮುಂದೆ ಕಥೆ ಹೇಳಬೇಕಾಯಿತು. ಆಗ ಆ ನುಡಿ ಅವಳಿಗೆ ಬೇಕಾಯಿತು.

ಈ ಡಿಸೆಂಬರಿನಲ್ಲಿ ಮತ್ತೆ ಅದೇ ತಪ್ಪಲಿಗೆ ಹೋದೆವು. ದಂಡದ ಕೊಡವನ್ನು ಮನೆಯಲ್ಲಿಯೇ ಬಿಟ್ಟೆ. ಹತ್ತನೆಯ ತರಗತಿಯ ಇಬ್ಬರಿಗೆ ಐದನೆಯ ತರಗತಿಯ ಎಂಟು ಮಂದಿಯನ್ನು ಒಪ್ಪಿಸಿ, "ನಾಳೆ ರಾತ್ರಿ ಬೆಂಕಿಯ ಮುಂದೆ ಇವರಿಂದ ಒಂದು ಕನ್ನಡ ಹಾಡು ಬರಬೇಕು, ಹೇಗೆ ಎಂಬುದು ನಿಮಗೆ ಬಿಟ್ಟದ್ದು" ಎಂದು ಹೇಳಿ ಅಡಿಗೆಯ ಕಡೆಗೆ ಹೋದೆ. ದೂರದಿಂದ ಕೇಳುತ್ತಲೇ ಇತ್ತು: ತುಳುವಿನಲ್ಲಿ ಬೈಗುಳ, ಮಲೆಯಾಳದಲ್ಲಿ ವಿವರಣೆ, ಕನ್ನಡದಲ್ಲಿ ಹಾಡು. 'ಳ'ಕಾರ ಬಾರದ ಒಬ್ಬನಿಗೆ ಆ ದೊಡ್ಡ ಹುಡುಗ ಹೇಳಿಕೊಟ್ಟಷ್ಟು ತಾಳ್ಮೆಯಿಂದ ನಾನು ಯಾವ ವಿದ್ಯಾರ್ಥಿಗೂ ಹೇಳಿಕೊಟ್ಟದ್ದಿಲ್ಲ.

ಗುಂಪಿಗೆ ಹೆಸರಿಡುವ ಹೊತ್ತು ಬಂದಾಗ ಕಾಡುಪಿಶಾಚಿಗಳ ಕಥೆಯನ್ನು ನಾನೇ ಹೇಳಿ ಪೇಚಿಗೆ ಸಿಕ್ಕಿದೆ. ತಮಗೂ ಭೂತದ ಹೆಸರೇ ಬೇಕೆಂದು ಕುಳಿತರು. ಕೂಡದು, ದಾಖಲೆಯಲ್ಲಿ ಹಕ್ಕಿಯ ಹೆಸರೋ ಮೃಗದ ಹೆಸರೋ ಇರಬೇಕು ಎಂದೆ. ಗುಂಪುಗೂಡಿ ಪಿಸುಗುಟ್ಟಿದರು. ಬಳಿಕ ಅತ್ಯಂತ ಸಣ್ಣವನು ಮುಂದೆ ಬಂದು, "ಹಕ್ಕಿಯೇ ಮಾಷ್ಟ್ರೇ, ಕೆಂಬೂತ" ಎಂದ. ಹಿಂದಿನಿಂದ ಕಿಸಿಕಿಸಿ ನಗೆ. ನಾನು ಕನ್ನಡಕ ಸರಿಪಡಿಸಿಕೊಂಡು, ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡೆ.