ಗಟ್ಟಿ ಕಲ್ಲು, ಮೆತ್ತನೆ ಕಲ್ಲು

ಫಾಲ್ಟ್ ಅಂದ್ರೆ ನನ್ನಂಥ ಸಾಫ್ಟ್‌ವೇರ್‌ನವನಿಗೆ ಮೊದಲು ನೆನಪಾಗೋದು ಸೆಗ್ಮೆಂಟೇಶನ್ ಫಾಲ್ಟ್. ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದ ಮೇಲೆ ಅದರ ಇನ್ನೊಂದು ಅರ್ಥ ಮನೆ ಹತ್ತಿರಕ್ಕೇ ಬಂತು. ನಾವಿರೋ ಬಾಡಿಗೆ ಮನೆಯಿಂದ ಹತ್ತು ನಿಮಿಷ ನಡೆದ್ರೆ ಹೇವರ್ಡ್ ಫಾಲ್ಟ್. ಭೂಗೋಳದ ಪುಸ್ತಕದಲ್ಲಿ 'ಸ್ತರಭಂಗ' ಅಂತ ಓದಿದ್ವಲ್ಲ, ಅದೇ. ಆಗ ಎರಡು ಮಾರ್ಕಿಗೆ ಓದಿದ್ದನ್ನ ಈಗ ರಾತ್ರಿಯೆಲ್ಲಾ ಕೂತು ಓದ್ತಾ ಇದೀನಿ...

ನಕ್ಷೆಯಲ್ಲಿ ಫಾಲ್ಟ್ ಅಂದ್ರೆ ಒಂದು ಗೆರೆ. ನೆಲದೊಳಗೆ ಅದು ಗೆರೆ ಅಲ್ಲ, ಜಜ್ಜಿ ಹೋದ ಕಲ್ಲಿನ ಪಟ್ಟಿ. ರಾಗಿ ಬೀಸೋ ಕಲ್ಲು ನೆನಪಿಸಿಕೊಳ್ಳಿ. ಎರಡೂ ಕಡೆಯ ಬಂಡೆಗಳು ಒಂದನ್ನೊಂದು ಉಜ್ಜಿಕೊಂಡು ಜರುಗುವಾಗ ನಡುವಿನ ಕಲ್ಲು ಮೊದಲು ಚೂರಾಗುತ್ತೆ, ಆಮೇಲೆ ನುಚ್ಚು, ಕೊನೆಗೆ ಹಿಟ್ಟು. ಈ ಹಿಟ್ಟಿಗೆ ಗೌಜ್ ಅಂತಾರೆ. ದೊಡ್ಡ ಭೂಕಂಪದಲ್ಲಿ ಘರ್ಷಣೆಯ ಬಿಸಿಗೆ ಕಲ್ಲು ಕೆಲವೇ ಸೆಕೆಂಡಿನಲ್ಲಿ ಕರಗಿ, ಕಪ್ಪು ಗಾಜಿನಂಥ ಎಳೆಯಾಗಿ ಗಟ್ಟಿಯಾಗೋದೂ ಉಂಟು.

ಇನ್ನೂ ಕೆಳಗೆ, ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿ ಬಿಸಿ 300 ಡಿಗ್ರಿ ದಾಟುತ್ತೆ. ಅಲ್ಲಿ ಬೆಣಚು ಕಲ್ಲು ಒಡೆಯಲ್ಲ, ಹೋಳಿಗೆ ಕಣಕದ ಹಾಗೆ ಎಳೆದುಕೊಳ್ಳುತ್ತೆ. ಹೀಗಾದ ಕಲ್ಲಿಗೆ 1885ರಲ್ಲಿ ಚಾರ್ಲ್ಸ್ ಲ್ಯಾಪ್‌ವರ್ತ್ 'ಮೈಲೊನೈಟ್' ಅಂತ ಹೆಸರಿಟ್ಟ. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಸಿಕ್ಕ ಆ ಕಲ್ಲನ್ನ ನೋಡಿ, ಇದು ಬೀಸಿ ಪುಡಿಯಾದದ್ದು ಅಂದುಕೊಂಡು ಗ್ರೀಕಿನ ಗಿರಣಿ ಅನ್ನೋ ಪದದಿಂದ ತೆಗೆದ ಹೆಸರು. ಅದರ ಹರಳುಗಳು ಬೀಸಿ ಪುಡಿಯಾದದ್ದಲ್ಲ, ಬಿಸಿಗೆ ಎಳೆದುಕೊಂಡು ಮತ್ತೆ ಹೊಸದಾಗಿ ಹುಟ್ಟಿದ್ದು ಅಂತ ಆಮೇಲೆ ಗೊತ್ತಾಯ್ತು. ಹೆಸರು ಮಾತ್ರ ಹಾಗೇ ಉಳೀತು. ಹಳೇ ಕೋಡಿನಲ್ಲಿ ತಪ್ಪು ಹೆಸರಿನ ವೇರಿಯಬಲ್ ಇರುತ್ತಲ್ಲ, ಯಾರೂ ಮುಟ್ಟೋಕೆ ಹೋಗಲ್ಲ, ಹಾಗೆ :)

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಪಾರ್ಕ್‌ಫೀಲ್ಡ್ ಕಥೆ. ಅಲ್ಲಿ 2004ರಿಂದ 2007ರವರೆಗೆ ಸ್ಯಾನ್ ಆಂಡ್ರಿಯಾಸ್ ಫಾಲ್ಟಿನೊಳಕ್ಕೇ ಬೋರ್ ಕೊರೆದರು. ಸುಮಾರು 2.7 ಕಿಲೋಮೀಟರ್ ಆಳದಿಂದ ಫಾಲ್ಟಿನ ತಿರುಳನ್ನೇ ಮೇಲೆ ತಂದ್ರು. ಸಿಕ್ಕಿದ್ದು ಜೇಡಿಮಣ್ಣು! ಸರ್ಪೆಂಟಿನೈಟ್ ಅನ್ನೋ ಹಸಿರು ಕಲ್ಲು ನೀರಿನ ಜೊತೆ, ಅಕ್ಕಪಕ್ಕದ ಕಲ್ಲಿನ ಜೊತೆ ಸೇರಿ ಸಪೋನೈಟ್ ಆಗಿತ್ತು. ಹೆಸರಿನ ಮೂಲ ಲ್ಯಾಟಿನ್ನಿನ ಸೋಪು. ಸಾಮಾನ್ಯ ಕಲ್ಲುಗಳ ಘರ್ಷಣಾಂಕ 0.6ರಿಂದ 0.8 ಇದ್ರೆ ಇದರದ್ದು 0.2ರ ಸುತ್ತಮುತ್ತ. ಜೋರಾಗಿ ಎಳೆದಷ್ಟೂ ಇನ್ನಷ್ಟು ತಡೆಯೋ ಗುಣ ಬೇರೆ. ಹಾಗಾಗಿ ಓಟ ಕೀಳಲ್ಲ, ವರ್ಷಕ್ಕೆ ಎರಡು ಸೆಂಟಿಮೀಟರಿಗೂ ಹೆಚ್ಚು ಸದ್ದಿಲ್ಲದೆ ತೆವಳುತ್ತೆ. ಅದೇ ಫಾಲ್ಟಿನ ಉತ್ತರದ ತುಂಡು ಹಟ ಹಿಡಿದು ಕೂತಿತ್ತು. 1906ರಲ್ಲಿ ಬಿಟ್ಟಾಗ 7.9 ತೀವ್ರತೆ, ಸ್ಯಾನ್ ಫ್ರಾನ್ಸಿಸ್ಕೋ ಹಾಳಾಯ್ತು.

ಹೇವರ್ಡ್ ಎರಡೂ ಥರ. ಮೇಲ್ಗಡೆ ವರ್ಷಕ್ಕೆ ಸುಮಾರು 5 ಮಿಲಿಮೀಟರ್ ತೆವಳುತ್ತೆ. ಹೇವರ್ಡ್ ಊರಿನ ಒಂದು ಫುಟ್‌ಪಾತ್ ಅಂಚು ಹೀಗೇ ಎರಡಾಗಿ ಜರುಗಿದ್ದನ್ನ ಭೂವಿಜ್ಞಾನಿಗಳು ದಶಕಗಟ್ಟಲೆ ಫೋಟೋ ತೆಗೀತಿದ್ರು. 2016ರಲ್ಲಿ ಊರಿನವರು ರಿಪೇರಿ ಮಾಡಿಬಿಟ್ರು ಪಾಪ! ಆದ್ರೆ ಆಳದಲ್ಲಿ ಬಹುಭಾಗ ಕಚ್ಚಿಕೊಂಡೇ ಇದೆ. ಕೊನೇ ಸಲ ಅದು ಬಿಟ್ಟಿದ್ದು 1868ರಲ್ಲಿ. ಫ್ರೀಮಾಂಟ್ ಬಾರ್ಟ್ ಸ್ಟೇಶನ್ ಹತ್ತಿರದ ಟೈಸನ್ಸ್ ಲಗೂನಿನಲ್ಲಿ ಗುಂಡಿ ತೋಡಿ ನೋಡಿದಾಗ 1,900 ವರ್ಷಗಳಲ್ಲಿ ಹನ್ನೆರಡು ದೊಡ್ಡ ಭೂಕಂಪಗಳ ಗುರುತು ಸಿಕ್ಕಿದೆ. ಕೊನೇ ಐದರ ನಡುವಿನ ಸರಾಸರಿ ಅಂತರ ಸುಮಾರು 140 ವರ್ಷ. ಲೆಕ್ಕ ನೀವೇ ಹಾಕಿ.

ಏಪ್ರಿಲ್‌ನಲ್ಲಿ ಅಪ್ಪ-ಅಮ್ಮ ಆರು ತಿಂಗಳಿಗೆ ಬರ್ತಿದಾರೆ. ಇದನ್ನೆಲ್ಲಾ ಫೋನಲ್ಲಿ ಹೇಳಿದಾಗ ಅಮ್ಮ ಕೇಳಿದ್ಲು, "ಅಷ್ಟಷ್ಟೇ ಜರುಗ್ತಾ ಇದ್ರೆ ಒಳ್ಳೇದಲ್ವೇನೋ? ಒಂದೇ ಸಲ ಜೋರಾಗಿ ಆಗಲ್ಲ ಅಲ್ವಾ?"

ಹೌದು ಅಂದ್ಬಿಡೋದು ಸುಲಭ ಇತ್ತು. "ಪೂರ್ತಿ ಹಾಗಲ್ಲಮ್ಮ, ಕೆಳಗಡೆ ಇನ್ನೂ ಹಿಡ್ಕೊಂಡಿದೆ. ನಾಳೇನೋ, ಮೂವತ್ತು ವರ್ಷಕ್ಕೋ, ಯಾರಿಗೂ ಗೊತ್ತಿಲ್ಲ" ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ, "ಸರಿ, ನಮ್ಮ ಮಂಚದ ಪಕ್ಕ ಬೀರು ಇಡಬೇಡ" ಅಂದ್ಲು.

ಈ ಶನಿವಾರ ಬೀರುವನ್ನ ಗೋಡೆಗೆ ಬೋಲ್ಟ್ ಹಾಕಿ ಬಿಗಿದೆ, ಮಂಚದಿಂದ ದೂರಾನೇ.