ಎರೆಬಯಲಿನ ಕುರಿದಾರಿ

ಗುಂತಕಲ್ಲಿನಿಂದ ಚಿಪ್ಪಗಿರಿಗೆ ಹೊರಟವರ ಕಣ್ಣಿಗೆ ಮೊದಲು ಬೀಳುವುದು ಎರೆಭೂಮಿಯ ವಿಶಾಲ ಬಯಲು. ಕನ್ನಡಿಗರಿಗೆ ಈ ಊರು ದಾಸಕ್ಷೇತ್ರ. ವಿಜಯದಾಸರು 1755ರಲ್ಲಿ ದೇಹವಿಟ್ಟುದು ಇಲ್ಲಿಯೇ. ಕಾರ್ತಿಕ ಶುದ್ಧ ದಶಮಿಯ ಆರಾಧನೆಗೆ ಬಂದ ಭಕ್ತರು ದರ್ಶನ ಮುಗಿಸಿ ಮರಳುತ್ತಾರೆ. ಬಯಲನ್ನು ವರ್ಷವಿಡೀ ಬಲ್ಲವರು ಕುರಿಗಾಹಿಗಳು.

ಬಯಲಿನ ಪಶುಪಾಲಕರೆಂದೊಡನೆ ಶಾಲಾಮಕ್ಕಳಿಗೆ ನೆನಪಾಗುವುದು ಅಮೆರಿಕದ ಕೌಬಾಯ್. ಅಲ್ಲಿನ ಕಾಡುಕುದುರೆಗಳೂ ಮೂಲತಃ ಕಾಡಿನವಲ್ಲ. ಸ್ಪೇನಿನವರು ಹಡಗಿನಲ್ಲಿ ತಂದ ಸಾಕುಕುದುರೆಗಳು ತಪ್ಪಿಸಿಕೊಂಡು ಬೆಳೆಸಿದ ಸಂತತಿ. ಆ ಕುದುರೆಗಳನ್ನು ಪಳಗಿಸಿ ಏರಿದ ದನಗಾಹಿಗಳು ಟೆಕ್ಸಸಿನಿಂದ ಕ್ಯಾನ್ಸಾಸಿನ ರೈಲುನಿಲ್ದಾಣಗಳವರೆಗೆ ದನದ ಹಿಂಡು ನಡೆಸಿದರು. 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದರು. ಮುಂದಿನ ಕೆಲವೇ ವರ್ಷಗಳಲ್ಲಿ ತಂತಿಬೇಲಿ ಆ ಬಯಲನ್ನು ತುಂಡರಿಸಿತು. ದೂರದ ದಾರಿಗಳು ಮುಚ್ಚಿದವು.

ಈ ಸೀಮೆಯ ಕುರಿಗಾಹಿಗೆ ಏರಲು ಕುದುರೆಯಿಲ್ಲ. ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು, ಜತೆಗೆ ನಾಯಿ. ಇಷ್ಟೇ ಅವನ ಪರಿವಾರ. ಜೋಳ, ಕಡಲೆಯ ಸುಗ್ಗಿ ಮುಗಿದೊಡನೆ ಮಂದೆ ಹೊಲಕ್ಕಿಳಿಯುತ್ತದೆ. ಹಗಲು ಕೂಳೆ ಮೇದ ಕುರಿಗಳನ್ನು ರಾತ್ರಿ ಅದೇ ಹೊಲದಲ್ಲಿ ತರುಬುತ್ತಾರೆ. ಹಿಕ್ಕೆ, ಮೂತ್ರಗಳಿಂದ ನೆಲಕ್ಕೆ ಗೊಬ್ಬರ. ಕುರಿಗಾಹಿಗೆ ರೈತನಿಂದ ಕಾಳು ಅಥವಾ ಹಣ. ಬಯಲು ಮುಕ್ತವಾಗಿ ಉಳಿದಿರುವುದು ಯಾರದ್ದೂ ಅಲ್ಲದ್ದರಿಂದಲ್ಲ. ರೈತನಿಗೂ ಕುರಿಗಾಹಿಗೂ ನಡುವೆ ಇರುವ ಮಾತಿನಿಂದ.

ಈ ಸೀಮೆಯ ಗಡಿಯೂ ಬದಲಾಗಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಆಲೂರಿನೊಡನೆ ಚಿಪ್ಪಗಿರಿಯೂ ಹೋಯಿತು. ಆದರೆ ಕುರಿಗೆ ಗಡಿ ತಿಳಿಯದು. ಕಂಬಳಿಗೆ ಒರಟು ಉಣ್ಣೆ ಕೊಡುವ ತಳಿಗೆ ಇಂದಿಗೂ ಬಳ್ಳಾರಿಯೆಂದೇ ಹೆಸರು. ಹೊಲದ ಒಡೆಯನೊಡನೆ ತೆಲುಗು, ಮನೆಯವರೊಡನೆ ಕನ್ನಡ ಆಡುವ ಕುರಿಗಾಹಿಗೆ ಎರಡೂ ಬದುಕಿನ ಭಾಷೆಗಳೇ.

ಈಗ ಇಲ್ಲಿಯೂ ಬಯಲು ಕಿರಿದಾಗುತ್ತಿದೆ. ನೀರು ಬಂದೆಡೆ ಎರಡನೆಯ ಬೆಳೆ ನಿಲ್ಲುತ್ತದೆ, ಕೂಳೆಯ ಕಾಲ ಕುಗ್ಗುತ್ತದೆ; ಹುಲ್ಲುಗಾವಲು ಸಾಗುವಳಿಗೆ ಸೇರುತ್ತದೆ. ಮಂದೆ ಇನ್ನೂ ದೂರ ನಡೆಯಬೇಕು. ದೂರ ಹೋದಷ್ಟೂ ಮನೆಯ ಹುಡುಗನೊಬ್ಬ ಮರಿಗಳ ಹಿಂದೆ ಹೊರಡುವ ಸಂಭವ ಹೆಚ್ಚು, ಶಾಲೆಯ ಹಾಜರಿಯಲ್ಲಿ ಅವನ ಹೆಸರು ಉಳಿಯುವ ಸಂಭವ ಕಡಿಮೆ. ಕನ್ನಡ ತರಗತಿಯಲ್ಲಿ ಮಕ್ಕಳ ಎಣಿಕೆಯೇ ಅಳಿವು ಉಳಿವಿನ ಪ್ರಶ್ನೆಯಾಗಿರುವ ಗಡಿನಾಡಿನಲ್ಲಿ ಇದು ಸಣ್ಣ ನಷ್ಟವಲ್ಲ.

ಹುಲ್ಲಿನ ಬಗೆ, ಮಳೆಯ ಮುನ್ಸೂಚನೆ, ಕುರಿಯ ರೋಗಲಕ್ಷಣಗಳನ್ನು ತಂದೆಯಿಂದ ಕಲಿತ ಆ ಹುಡುಗ ತರಗತಿಗೆ ಬರಿಗೈಯಲ್ಲಿ ಬರುವವನಲ್ಲ. ಅವನ ಬೆಂಚು ಖಾಲಿಯಾದ ದಿನ ಮನೆಗೆ ಹೋಗಿ ವಿಚಾರಿಸುವ ಶಿಕ್ಷಕರೂ, ಮಂದೆ ಮರಳುವವರೆಗೆ ಅವನಿಗೆ ಒಂದು ತುತ್ತು, ಒಂದು ಮೂಲೆ ಕೊಡುವ ನೆರೆಮನೆಯೂ ಇದ್ದರೆ ಕುರಿದಾರಿಯೂ ಶಾಲೆಯ ದಾರಿಯೂ ಒಂದನ್ನೊಂದು ಅಳಿಸಬೇಕಾಗಿಲ್ಲ.