ಹೊಂಗನೂರಿನಲ್ಲೊಂದು ಡಾಲ್ಫಿನ್

ಚನ್ನಪಟ್ಟಣವೆಂದರೆ ಎಲ್ಲರಿಗೂ ಬೊಂಬೆಗಳ ನೆನಪು. ಮೊನ್ನೆ ಭಾನುವಾರ ನಾನು ಅಲ್ಲಿ ಬಸ್ಸು ಬದಲಿಸಿ ಹೊಂಗನೂರಿಗೆ ಹೋದದ್ದು ಮಾತ್ರ ಒಂದು ಕಾರನ್ನು ನೋಡಲು. ಐಟಿಐ ಮುಗಿಸಿ ಬಿಡದಿಯಲ್ಲಿ ಕೆಲಸಕ್ಕಿರುವ ನನ್ನ ಹಳೆಯ ವಿದ್ಯಾರ್ಥಿ, "ಸಾರ್, ಬಾಡಿ ಕೂರಿಸ್ತಾ ಇದೀವಿ, ನೀವು ಬರಲೇಬೇಕು" ಎಂದು ಫೋನು ಮಾಡಿದ್ದ. ತೆಂಗಿನ ತೋಟ, ಹಿಪ್ಪುನೇರಳೆ, ಕಟಾವಾದ ರಾಗಿ ಹೊಲಗಳನ್ನು ದಾಟಿ ಅವನ ಮನೆ ಸೇರಿದರೆ, ಕೊಟ್ಟಿಗೆಯ ಹಸುವನ್ನು ಆಚೆ ಕಟ್ಟಿ ಆ ಜಾಗದಲ್ಲಿ ಕಾರಿನ ಅಸ್ಥಿಪಂಜರ ನಿಲ್ಲಿಸಿದ್ದರು.

ಅದು ಡಾಲ್ಫಿನ್. ಇಂದಿನ ಮಕ್ಕಳು ಹೆಸರೂ ಕೇಳಿರಲಾರರು. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಹೊರತಂದ ಎರಡು ಬಾಗಿಲಿನ ಪುಟ್ಟ ಕಾರು. ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್. ಎಂಜಿನ್ 848 ಸಿ.ಸಿ. ಬಾಡಿ ಫೈಬರ್‌ಗ್ಲಾಸ್. ತಗಡಿನ ಬಾಡಿಗೆ ಭಾರೀ ಪ್ರೆಸ್ಸುಗಳು ಬೇಕು. ಇದಕ್ಕೆ ಒಂದು ಅಚ್ಚು, ಗಾಜಿನ ನೂಲಿನ ಚಾಪೆ, ರಾಳ, ಪಳಗಿದ ಕೈಗಳಿದ್ದರೆ ಸಾಕು. ಸಣ್ಣ ಕಂಪನಿಗಳು ಕಾರಿಗೆ ಕೈಹಾಕಲು ಇದೂ ಒಂದು ಅನುಕೂಲ. ಆದರೆ 1983ರ ಕೊನೆಗೆ ಮಾರುತಿ 800 ಬಂತು, ಡಾಲ್ಫಿನ್ ಮೂಲೆಗೆ ಸರಿಯಿತು. ಈಗ ಬಾಡಿ ಒಡೆದರೆ ಇನ್ನೊಂದನ್ನು ಅಂಗಡಿಯಿಂದ ತರುವಂತಿಲ್ಲ. ಸಾಲದ್ದಕ್ಕೆ, ಯುಗಾದಿಯೊಳಗೆ ಮುಗಿಯದಿದ್ದರೆ ಗುಜರಿಗೆ ಎಂದು ಹುಡುಗನ ತಂದೆಯ ಗಡುವು. ಕೊಟ್ಟಿಗೆ ಅವರಿಗೆ ಬೇಕು, ಅವರದ್ದೂ ತಪ್ಪಲ್ಲ.

ಮೊದಲು ಚಾಸಿಯ ಮಟ್ಟ ನೋಡಿದರು, ಗಾರೆಯವರ ನೀರಿನ ಪೈಪಿನಿಂದ. ಆಮೇಲೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎರಡು ಕರ್ಣಗಳೂ ಸಮ ಎಂದು ಖಾತ್ರಿ ಮಾಡಿಕೊಂಡರು. ಸಮವಿಲ್ಲದಿದ್ದರೆ ಚಾಸಿಯೇ ಸೊಟ್ಟ ಎಂದರ್ಥ. (ಇದೇ ಪಾಠದ ದಿನ ಈ ಮಹಾಶಯ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ.) ನಡುಮಧ್ಯೆ ದಾರ ಎಳೆದು, ಬೀದಿಯ ಆರು ಜನ ಬಾಡಿಯನ್ನು ಎತ್ತಿ ಇಟ್ಟರು. ಮುಂದಿನ ಗಾಜಿನ ಚೌಕಟ್ಟಿನ ಮಧ್ಯದಿಂದ ತೂಗುಗುಂಡು ಇಳಿಬಿಟ್ಟು ದಾರಕ್ಕೆ ಹೊಂದಿಸಿದ್ದೂ ಆಯಿತು. ಎಲ್ಲ ಸರಿ, ಹಿಂದೆ ಎಡಗಡೆ ಬೋಲ್ಟಿನ ಬಳಿ ಮಾತ್ರ 6 ಮಿಲಿಮೀಟರ್ ಸಂದು.

"ಟೈಟ್ ಮಾಡ್ಲಾ, ಕೂತ್ಕೋತದೆ" ಎಂದರು ಪಕ್ಕದ ಮನೆಯವರು.

"ಇವತ್ತು ಕೂತ್ಕೋತದೆ ಚಿಕ್ಕಪ್ಪ, ನಾಳೆ ಬಿರುಕು ಬಿಡ್ತದೆ."

ಹುಡುಗ ಹೇಳಿದ್ದು ಸರಿ. ತಗಡನ್ನು ಬಗ್ಗಿಸಿದರೆ ಹೊಸ ಆಕಾರಕ್ಕೆ ಒಗ್ಗಿಕೊಂಡುಬಿಡುತ್ತದೆ. ಗಟ್ಟಿಯಾದ ಫೈಬರ್‌ಗ್ಲಾಸ್ ಹಾಗಲ್ಲ; ಸ್ವಲ್ಪ ಬಳುಕುತ್ತದೆ, ಆದರೆ ಹಳೆಯ ಆಕಾರಕ್ಕೇ ಮರಳಲು ಎಳೆಯುತ್ತಿರುತ್ತದೆ. ಬೋಲ್ಟು ಬಿಗಿದು ಎಳೆದರೆ ಆ ಒತ್ತಡವೆಲ್ಲ ತೂತಿನ ಸುತ್ತ ಸೇರಿ, ರಸ್ತೆಯ ಕುಲುಕಾಟಕ್ಕೆ ಜೇಡರ ಬಲೆಯಂತೆ ಬಿರುಕು ಹರಡುತ್ತದೆ. ಸಂದನ್ನು ಎಳೆದು ಮುಚ್ಚಬಾರದು, ತುಂಬಬೇಕು.

ತುಂಬಲು ಎಷ್ಟು ದಪ್ಪ? ಇಲ್ಲಿ ಬೊಂಬೆ ಕಸುಬು ನೆರವಿಗೆ ಬಂತು. ಪರಿಚಯದ ಕುಶಲಕರ್ಮಿಯೊಬ್ಬರು ಹಾಲೆ ಮರದಲ್ಲಿ 2, 3, 5 ಮಿಲಿಮೀಟರಿನ ಬಿಲ್ಲೆಗಳನ್ನು ಲೇತಿನಲ್ಲಿ ಕಡೆದುಕೊಟ್ಟಿದ್ದರು. ಅವನ್ನಿಟ್ಟು ನೋಡಿ, ತೆಗೆದು, ಮತ್ತೆ ಇಟ್ಟು ಅಳತೆ ಕಂಡುಕೊಂಡರು. ಮರ ನೀರು ಕುಡಿದು ಉಬ್ಬುವುದರಿಂದ ಕೊನೆಗೆ ಅಷ್ಟೇ ದಪ್ಪದ ಉಕ್ಕಿನ ಬಿಲ್ಲೆ, ರಬ್ಬರು ಹಾಕಿದರು. ಒತ್ತಡ ಹಂಚಿಹೋಗಲೆಂದು ಅಗಲದ ವಾಷರು.

ಬಿಗಿಯುವ ಮುನ್ನ ಇಟ್ಟಿಗೆ ತೆಗೆದು ಕಾರನ್ನು ಚಕ್ರಗಳ ಮೇಲೆ ಇಳಿಸಿದರು. ಎಂಜಿನ್ನಿನ ಭಾರಕ್ಕೆ ಚಾಸಿ ಕೂದಲೆಳೆಯಷ್ಟು ಬಾಗುತ್ತದೆ, ಬಾಗಿಲಿನ ಸಂದು ಬದಲಾಗುತ್ತದೆ. ಬದಲಾಯಿತು ಕೂಡ! ಇನ್ನೊಂದು ಗಂಟೆ ಹೋಯಿತು. ಬಾಗಿಲುಗಳನ್ನು ಸಿಕ್ಕಿಸಿ ನೋಡಿ, ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದರು. ಬಾನೆಟ್ಟಿನ ಒಂದು ಮಗ್ಗುಲಲ್ಲಿ ಸಂದು ತುಸು ಹೆಚ್ಚೇ ಉಳಿಯಿತು. ಹುಡುಗ ಅದನ್ನು ಮುಟ್ಟಲು ಹೋಗಲಿಲ್ಲ.

ಅಷ್ಟೊತ್ತಿಗೆ ತಂದೆ ಬಂದರು. ಮಾತಾಡಲಿಲ್ಲ. ಎಡಬಾಗಿಲು ತೆಗೆದು ಹಾಕಿದರು, ಮತ್ತೊಮ್ಮೆ ತೆಗೆದು ಹಾಕಿದರು. ಎಲ್ಲೂ ಉಜ್ಜಲಿಲ್ಲ.

"ಹಸ ಇನ್ನೊಂದೆಂಟು ದಿನ ಆಚೆನೇ ಇರ್ಲಿ ಬಿಡು" ಎಂದು ಒಳಗೆ ಹೋದರು.